ಬೆರಳಿಗೇಕೆ ಕಣ್ಣಿನ ಹೆಸರು?

ಶಾಂತಿನಿಕೇತನದ ಹಿಂದಿ ಭವನದ ಗೋಡೆಗಳ ಮೇಲೆ ನೇಕಾರ ಕಬೀರ, ಸೂರದಾಸ, ತುಳಸೀದಾಸರನ್ನು ಬಿನೋದ್ ಬಿಹಾರಿ ಮುಖರ್ಜಿ 1947ರಲ್ಲಿ ಚಿತ್ರಿಸಿದರು. ಅವರ ಒಂದು ಕಣ್ಣು ಕಾಣದು, ಇನ್ನೊಂದು ಮಂದ. ಜತೆಗಿದ್ದವರು ಕೆ.ಜಿ. ಸುಬ್ರಮಣ್ಯನ್ ಮೊದಲಾದ ವಿದ್ಯಾರ್ಥಿಗಳು. ಹಸಿ ಗಾರೆ ಆರುವ ಮುನ್ನ ಬಣ್ಣ ಹಚ್ಚಬೇಕು. ಆ ತೇವವನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಬಲ್ಲದು.

ಐವತ್ತರ ದಶಕದಲ್ಲಿ ಅವರ ದೃಷ್ಟಿ ಪೂರ್ತಿ ಹೋಯಿತು. ಆಮೇಲೂ ಕಾಗದ ಕತ್ತರಿಸಿ ಅಂಟಿಸಿದರು, ಟೈಲ್ಸ್ ಜೋಡಿಸಿ ಭಿತ್ತಿಚಿತ್ರ ಮಾಡಿದರು. ಅವರ ವಿದ್ಯಾರ್ಥಿಯೇ ಆಗಿದ್ದ ಸತ್ಯಜಿತ್ ರಾಯ್ 1972ರಲ್ಲಿ ತೆಗೆದ ಸಾಕ್ಷ್ಯಚಿತ್ರದ ಹೆಸರು 'ದಿ ಇನ್ನರ್ ಐ'. ಚಿತ್ರದಲ್ಲಿ ಗುರುವಿನ ಮೇಲಿನ ಪ್ರೀತಿಯಿದೆ, ಹೆಸರು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬೆರಳು ಮಾಡಿದ್ದನ್ನು ಮತ್ತೆ ಕಣ್ಣಿನ ಲೆಕ್ಕಕ್ಕೇ ಬರೆಯುವುದೇಕೆ? ನಮ್ಮಲ್ಲೂ 'ಒಳಗಣ್ಣು', ಉರ್ದುವಿನ ಬಸಾರತ್, ಬಸೀರತ್ ಎರಡೂ ನೋಟದ ಬೇರಿನವೇ. ಹಿಂದಿ ಭವನದ ಗೋಡೆಗೆ ದುಡಿದ ಆ ಹುಡುಗ ಹುಡುಗಿಯರ ಕೈಗಳಿಗೆ ಈ ಹೆಸರಿನಲ್ಲಿ ಜಾಗವೇ ಇಲ್ಲ.