ಋತುವಿಲ್ಲದ ಹೂವು

ಹೂವಿನ ಚಿತ್ರಗಳಿಗೆ ನಮ್ಮಲ್ಲಿ ಎಂದೂ ಬರವಿಲ್ಲ. ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಕೌದಿಯ ಅಂಚಿನಲ್ಲಿ, ಶಾಲೆಯ ಗೋಡೆಯ ಮೇಲೆ, ಎಲ್ಲಿ ನೋಡಿದರೂ ಹೂವೇ. ಆದರೆ ಇವುಗಳಲ್ಲಿ ಯಾವುದಾದರೊಂದರ ಮುಂದೆ ನಿಂತು, "ಇದು ಯಾವ ತಿಂಗಳ ಹೂವು?" ಎಂದು ಕೇಳಿದರೆ ಉತ್ತರ ದೊರೆಯುವುದು ಅಪರೂಪ. ಚಿತ್ರವನ್ನು ಕುರಿತು ಮಾತನಾಡುವಾಗ ನಾವು ರೇಖೆ ಶುದ್ಧವಾಗಿದೆಯೆ, ಬಣ್ಣ ಹೊಂದಿದೆಯೆ, ಭಾವ ಮೂಡಿದೆಯೆ ಎಂದು ವಿಚಾರಿಸುತ್ತೇವೆ. ಹೂವಿನ ಮಟ್ಟಿಗಾದರೂ ಇವುಗಳ ಜೊತೆಗೆ ತಿಂಗಳ ಪ್ರಶ್ನೆಯನ್ನೂ ಸೇರಿಸಿಕೊಳ್ಳಬೇಕೆಂಬುದು ಈ ಲೇಖನದ ವಾದ. ಹಿತ್ತಲಿನ ಒಂದು ಗಿಡವನ್ನು ವರ್ಷವಿಡೀ, ಋತುವಿನಿಂದ ಋತುವಿಗೆ, ಬಿಡದೆ ಬರೆಯುವುದು ಬರಿಯ ಹವ್ಯಾಸವಲ್ಲ; ನಮ್ಮ ಚಿತ್ರಕಲೆಗೂ ಕಾವ್ಯಕ್ಕೂ ಬಹುಕಾಲದಿಂದ ಕೊರತೆಯಾಗಿರುವ ಒಂದು ಶಿಸ್ತು ಅದು.

ಈ ಮಾತನ್ನು ವಿಚಾರಿಸಲು ವಿಜಯಪುರಕ್ಕಿಂತ ಒಳ್ಳೆಯ ಊರು ಸಿಗಲಾರದು. ಸಿದ್ಧೇಶ್ವರ ಗುಡಿಯಿಂದ ಬಹಳ ದೂರವಿಲ್ಲದ ಅಸರ್ ಮಹಲನ್ನು ಮುಹಮ್ಮದ್ ಆದಿಲ್‌ಶಾಹನು 1646ರ ಸುಮಾರಿಗೆ ನ್ಯಾಯದರ್ಬಾರಿಗೆಂದು ಕಟ್ಟಿಸಿದನು. ಅದರ ಮೇಲಂತಸ್ತಿನ ಕೋಣೆಗಳ ಗೋಡೆಗಳಲ್ಲಿ ಬಣ್ಣದ ಚಿತ್ರಗಳುಂಟು. ಮನುಷ್ಯಾಕೃತಿಗಳಿದ್ದ ಕಡೆ ಮುಖಗಳನ್ನು ಕೆಡಿಸಲಾಗಿದೆ. ಹೂದಾನಿಗಳೂ ಹೂಗೊಂಚಲುಗಳೂ ಎಲೆಬಳ್ಳಿಗಳೂ ಮಾಸಿದ್ದರೂ ಇಂದಿಗೂ ಗುರುತಿಗೆ ಸಿಗುತ್ತವೆ. ವಿಜಯಪುರದ ಕಟ್ಟಡಗಳನ್ನು ಅಳೆದು ವರ್ಣಿಸಿ 1916ರಲ್ಲಿ ದೊಡ್ಡ ಗ್ರಂಥವನ್ನು ಪ್ರಕಟಿಸಿದ ಹೆನ್ರಿ ಕಸಿನ್ಸ್ ಈ ಚಿತ್ರಗಳನ್ನೂ ಗಮನಿಸಿದ್ದಾನೆ. ಮುಹಮ್ಮದನ ತಂದೆ ಎರಡನೆಯ ಇಬ್ರಾಹಿಮನ ಕಾಲದ ಚಿತ್ರಪಟಗಳಂತೂ ಲೋಕಪ್ರಸಿದ್ಧವಾಗಿವೆ. ಅವುಗಳಲ್ಲೊಂದು ಇಂದು ಡಬ್ಲಿನ್ ನಗರದ ಚೆಸ್ಟರ್ ಬೀಟಿ ಗ್ರಂಥಭಂಡಾರದಲ್ಲಿದೆ. ಕೈಮೇಲೆ ಗೊರವಂಕ ಹಕ್ಕಿಯನ್ನು ಕೂರಿಸಿಕೊಂಡ ಯೋಗಿನಿಯೊಬ್ಬಳು ಅದರಲ್ಲಿ ನಿಂತಿದ್ದಾಳೆ. ಅವಳ ಪಕ್ಕದಲ್ಲಿ ಅಸಾಧಾರಣ ಗಾತ್ರದ ಹೂಗಳು ಅರಳಿವೆ. ಇಂಥ ಹೂವು ವಿಜಯಪುರದ ಎರೆಮಣ್ಣಿನಲ್ಲಿ ಎಂದಾದರೂ ಅರಳಿತ್ತೆ ಎಂದು ಕೇಳುವವನು ಆ ಚಿತ್ರದ ಅರ್ಧ ಸೊಗಸನ್ನು ಕಳೆದುಕೊಳ್ಳುತ್ತಾನೆ. ಅದು ಕನಸಿನ ಹೂವು. ಯೋಗಿನಿಯ ಏಕಾಂತಕ್ಕೆ ಜೊತೆಯಾಗಿ ಹುಟ್ಟಿದ್ದು.

ಆದುದರಿಂದ ಆ ಕಲಾವಿದರಿಗೆ ಕಣ್ಣಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಅವರು ಋತುವನ್ನು ಮರೆತವರಲ್ಲ, ಬೇಕೆಂದೇ ಬಿಟ್ಟವರು. ವರ್ಷಕ್ಕೆ 600 ಮಿಲಿಮೀಟರಿನ ಆಸುಪಾಸಿನಲ್ಲಿ ಮಳೆ ಬೀಳುವ ನಾಡಿದು. ಅದರಲ್ಲಿಯೂ ಉಳಿದ ತಿಂಗಳುಗಳಿಗಿಂತ ಹೆಚ್ಚು ಮಳೆ ಮುಂಗಾರು ಮುಗಿಯುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ. ಇಲ್ಲಿ ಉದ್ಯಾನವೆಂದರೆ ನೀರಿನ ಮಾತು. ತೊರವೆಯಿಂದ ನೀರು ತರಬೇಕಾಯಿತು. ಅದು ಸಾಲದೆ 1651ರಲ್ಲಿ ಬೇಗಂ ತಲಾಬನ್ನು ಕಟ್ಟಿ, ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ನೀರು ಹರಿಸಬೇಕಾಯಿತು. ಅಷ್ಟು ಕಷ್ಟದಿಂದ ಬೆಳೆಸಿದ ಹೂವು ಬೇಸಗೆಯಲ್ಲಿ ಬಾಡದೆ ಇರಲಾರದು. ಹೊರಗೆ ಬಾಡುವುದು ಒಳಗೆ ಬಾಡದಿರಲಿ ಎಂದು ಅರಮನೆ ಗೋಡೆಯ ಮೇಲೆ ಸದಾ ಅರಳಿರುವ ತೋಟವೊಂದನ್ನು ಬರೆಯಿಸಿಕೊಂಡಿತು. ಒಣನಾಡಿನವರ ಈ ಆಸೆಯನ್ನು ಅರ್ಥಮಾಡಿಕೊಳ್ಳದೆ ಆ ಹೂದಾನಿಗಳಿಗೆ ಬೆಲೆ ಕಟ್ಟಲು ಬರುವುದಿಲ್ಲ.

ಆದರೆ ಒಂದು ಕಾಲದ ಆಸೆ ಮುಂದಿನವರ ಕೈಯಲ್ಲಿ ರೂಢಿಯಾಗಿ ಇಳಿದಾಗ ತೊಂದರೆ ಹುಟ್ಟುತ್ತದೆ. ನಮ್ಮ ಕಾವ್ಯದಲ್ಲಿ ಆದದ್ದೂ ಇದೇ. ಮಹಾಕಾವ್ಯಕ್ಕೆ ಹದಿನೆಂಟು ವರ್ಣನೆಗಳು ಬೇಕೆಂದು ಲಾಕ್ಷಣಿಕರು ಹೇಳಿದರು; ಋತುವರ್ಣನೆ, ವನವಿಹಾರಗಳು ಅವುಗಳಲ್ಲಿ ಸೇರಿದವು. ಹೆಣ್ಣಿನ ಪಾದ ತಾಗಿದರೆ ಅಶೋಕ ಹೂಬಿಡುವುದು, ಅವಳು ಬಾಯಲ್ಲಿ ಮುಕ್ಕುಳಿಸಿದ ಮದ್ಯ ತಾಗಿದರೆ ಬಕುಳ ಅರಳುವುದು ಎಂಬ ಕವಿಸಮಯಗಳು ನಿಂತವು. ಮೊದಲು ಹೇಳಿದವನಿಗೆ ಇವು ಸೊಗಸಾದ ಕಲ್ಪನೆಗಳು, ನೂರನೆಯವನಿಗೆ ಪಟ್ಟಿ. ಅಶೋಕವನ್ನು ಎಂದೂ ಕಾಣದ ಕವಿಯೂ ಅಶೋಕವನ್ನು ವರ್ಣಿಸಬಹುದಾಯಿತು. ವಸಂತ ಬಂದಿತೆಂದು ಕವಿ ಹೇಳುತ್ತಾನೆ. ನಮ್ಮ ಮನಸ್ಸಿಗೆ ಮಾತ್ರ ಅದು ಯಾವ ಊರಿನ ವಸಂತವೆಂಬುದು ತಿಳಿಯುವುದಿಲ್ಲ. ಪಂಪನನ್ನು ಹತ್ತು ಶತಮಾನಗಳ ಅನಂತರವೂ ನಾವು ಪ್ರೀತಿಯಿಂದ ಓದುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು: ಹದಿನೆಂಟರ ಕಟ್ಟಳೆಯೊಳಗೇ ಇದ್ದರೂ ಅವನ ಮಲ್ಲಿಗೆಗೂ ಮಾವಿಗೂ ಬನವಾಸಿಯ ಗಾಳಿ ತಗುಲಿದೆ. ಕಟ್ಟಳೆ ಅವನನ್ನು ಹಾಳುಮಾಡಲಿಲ್ಲ, ಅವನು ಕಂಡಿದ್ದನು.

ಋತುವನ್ನು ಮೀರಿದ ಹೂವನ್ನು ಬರೆಯಬೇಕಾದರೂ ಮೊದಲು ಋತುವಿನ ಹೂವನ್ನು ಕಂಡಿರಬೇಕು ಎಂಬುದಕ್ಕೆ ಹಾಲೆಂಡಿನವರ ಉದಾಹರಣೆ ನೆನಪಾಗುತ್ತದೆ. ಆ ದೇಶಕ್ಕೂ ವಿಜಯಪುರಕ್ಕೂ ಅಂದು ಅಷ್ಟೇನೂ ದೂರವಿರಲಿಲ್ಲ. ಕಾರ್ನೆಲಿಸ್ ಹೇಡಾ ಎಂಬ ಹಾರ್ಲೆಮಿನ ಚಿತ್ರಕಾರನು 1610ರ ಸುಮಾರಿಗೆ ಇಲ್ಲಿಗೆ ಬಂದು ಇಬ್ರಾಹಿಮನ ಆಶ್ರಯದಲ್ಲಿ ಕೆಲಸಮಾಡಿದನು. ಅವನ ತಾಯ್ನಾಡಿನಲ್ಲಿ ಹದಿನೇಳನೆಯ ಶತಮಾನದಲ್ಲಿ ಹೂದಾನಿಯ ಚಿತ್ರಗಳು ಬಹಳ ಬೆಳೆದುವು. ಅವುಗಳಲ್ಲಿಯೂ ವಸಂತದ ಟ್ಯುಲಿಪ್ ಮತ್ತು ಬೇಸಗೆಯ ಗುಲಾಬಿ ಒಂದೇ ದಾನಿಯಲ್ಲಿ ಕೂಡಿರುತ್ತವೆ. ತೋಟದಲ್ಲಿ ಕೂಡದ ಹೂಗಳು ಪಟದಲ್ಲಿ ಕೂಡಿದ್ದು ಹೇಗೆ? ಒಂದೊಂದು ಹೂವನ್ನೂ ಅದರ ಕಾಲದಲ್ಲಿ ನೋಡಿ ಬರೆದಿಟ್ಟುಕೊಂಡು, ಆಮೇಲೆ ಕೂಡಿಸಿದ್ದರಿಂದ. ಆ ಪರಂಪರೆಯ ಕೊನೆಯ ದೊಡ್ಡ ಕಲಾವಿದನಾದ ಯಾನ್ ವಾನ್ ಹೌಸಮ್ 1742ರಲ್ಲಿ, ಹಳದಿ ಗುಲಾಬಿ ದೊರೆಯದುದರಿಂದ ಚಿತ್ರ ಮುಗಿದಿಲ್ಲವೆಂದು ಪತ್ರ ಬರೆದನು. ಅವನ ಕೆಲವು ಪಟಗಳ ಮೇಲೆ ಎರಡು ವರ್ಷಗಳ ತಾರೀಖುಗಳಿವೆ. ಒಂದು ಹೂವಿಗಾಗಿ ಮುಂದಿನ ಋತುವಿನ ವರೆಗೆ ಕಾಯುವ ತಾಳ್ಮೆ ಅವನ ಕುಂಚದ ನಯದಷ್ಟೇ ದೊಡ್ಡದು.

ನಮ್ಮ ದೇಶದಲ್ಲಿಯೂ ಇಂಥ ಕಣ್ಣು ಇರಲಿಲ್ಲವೆಂದಲ್ಲ. ಇಬ್ರಾಹಿಮನ ಸಮಕಾಲೀನನಾದ ಜಹಾಂಗೀರನು 1620ರ ವಸಂತದಲ್ಲಿ ಕಾಶ್ಮೀರಕ್ಕೆ ಹೋದಾಗ ಅವನ ಚಿತ್ರಕಾರ ಉಸ್ತಾದ್ ಮನ್ಸೂರನು ಅಲ್ಲಿಯ ನೂರಕ್ಕೂ ಹೆಚ್ಚು ಹೂಗಳನ್ನು ಬರೆದನೆಂದು ಬಾದಶಹನೇ ತನ್ನ ದಿನಚರಿಯಲ್ಲಿ ನಮೂದಿಸಿದ್ದಾನೆ. ಆ ಹೂಗಳಿಗೆ ಊರಿದೆ, ಋತುವಿದೆ, ವರ್ಷವಿದೆ. ಕನ್ನಡನಾಡಿನಲ್ಲಿಯೇ ಇನ್ನೂ ಹತ್ತಿರದ ನಿದರ್ಶನವುಂಟು. 1845ರಿಂದ 1847ರ ವರೆಗೆ ಶಿವಮೊಗ್ಗೆಯಲ್ಲಿ ವೈದ್ಯನಾಗಿದ್ದ ಹ್ಯೂ ಕ್ಲೆಗ್‌ಹಾರ್ನ್, ಮರಾಠಿ ಚಿತ್ರಕಾರನೊಬ್ಬನನ್ನು ಇಟ್ಟುಕೊಂಡು ದಿನಕ್ಕೊಂದು ಸಸ್ಯವನ್ನು ಬರೆಯಿಸುತ್ತಿದ್ದನು. ಆ ಹಾಳೆಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿವೆ. ಬೆಲೆಯಿರುವುದು ದಿನಕ್ಕೊಂದು ಎಂಬ ನಿಯಮಕ್ಕೆ. ಇಂದು ಅರಳಿದ್ದನ್ನು ಇಂದೇ ಬರೆಯಬೇಕು. ಬರೆಯುತ್ತಾ ಹೋದಂತೆ ಮಲೆನಾಡಿನ ಒಂದು ವರ್ಷ ತಾನಾಗಿಯೇ ಕಾಗದದ ಮೇಲೆ ಮೂಡುತ್ತದೆ. ಈ ಹಾಳೆಗಳನ್ನು ಬರೆಯಿಸಿದವನ ಹೆಸರು ಉಳಿಯಿತು, ಬರೆದವನ ಹೆಸರು ಉಳಿಯಲಿಲ್ಲ. ಇನ್ನೊಂದು ಮಿತಿಯೂ ಇದೆ. ಶಾಸ್ತ್ರಕ್ಕಾಗಿ ಬರೆದ ಹೂವು ಬಿಳಿಯ ಕಾಗದದ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಒಮ್ಮೆ ಬರೆದಾಯಿತೆಂದರೆ ಮುಗಿಯಿತು, ಅದೇ ಗಿಡದ ಬಳಿಗೆ ಚಿತ್ರಕಾರ ಮತ್ತೆ ಬರುವ ಕಾರಣವಿಲ್ಲ. ಮನೆಯ ಗಿಡವನ್ನು ಬರೆಯುವವನಿಗಾದರೋ ಮತ್ತೆ ಮತ್ತೆ ಬರುವುದೇ ಕೆಲಸ.

ಹಾಗಾದರೆ ಸಿದ್ಧೇಶ್ವರ ಗುಡಿಯ ಓಣಿಗಳಲ್ಲಿ, ತಿಕೋಟಾ ಬಬಲೇಶ್ವರಗಳ ಮನೆಗಳ ಹಿತ್ತಲುಗಳಲ್ಲಿ ಈ ಕೆಲಸ ಹೇಗಿದ್ದೀತು? ಕಾಳಿದಾಸನ ಋತುಸಂಹಾರ ಗ್ರೀಷ್ಮದಿಂದ ಮೊದಲಾಗಿ ವಸಂತದಲ್ಲಿ ಮುಗಿಯುತ್ತದೆ. ನಮ್ಮ ಕಡೆಗೆ ಆ ಕ್ರಮವೇ ಸರಿ. ಬಿಸಿಲು ನಲವತ್ತು ಡಿಗ್ರಿ ದಾಟಿದ ಮೇ ತಿಂಗಳಲ್ಲಿ ದುಂಡುಮಲ್ಲಿಗೆ ಇನ್ನೂ ಅರಳುತ್ತಿರುತ್ತದೆ. ಬಿಳಿಯ ಹೂವನ್ನು ಬಿಳಿಯ ಕಾಗದದ ಮೇಲೆ ಬರೆಯುವುದೆಂದರೆ ಹೂವನ್ನು ಬಿಟ್ಟು ಅದರ ಸುತ್ತಲಿನ ನೆರಳನ್ನು ಬರೆಯುವುದು. ಆ ನೆರಳು ಬೆಳಗಿನ ಹೊತ್ತು ಒಂದಷ್ಟು ಕಾಲ ಇದ್ದು ಮಾಯವಾಗುತ್ತದೆ. ಜಲವರ್ಣವೋ, ಎರಡನೆಯ ಸಲ ಕುಂಚ ಅದ್ದುವುದರೊಳಗೆ ಮೊದಲ ಬಣ್ಣ ಆರಿಹೋಗಿರುತ್ತದೆ, ಅಂಚು ಗಡಸಾಗುತ್ತದೆ. ಮೃದುವಾದ ಹೂವು ಗಡಸು ಅಂಚಿನಿಂದ ಬಂದರೆ ಅದು ತಪ್ಪಲ್ಲ, ಆ ದಿನದ ಬಿಸಿಲಿನ ಸಾಕ್ಷಿ. ಮಳೆಗಾಲದಲ್ಲಿ ಇದಕ್ಕೆ ವಿರುದ್ಧ: ಬಣ್ಣ ಆರುವುದೇ ಇಲ್ಲ, ಒಂದರೊಳಗೊಂದು ಹರಿಯುತ್ತದೆ, ಮೋಡದ ಮಂದ ಬೆಳಕಿನಲ್ಲಿ ದಾಸವಾಳದ ಕೆಂಪು ಬಿಸಿಲಿನಲ್ಲಿದ್ದುದಕ್ಕಿಂತ ಹೆಚ್ಚು ತುಂಬಿ ಕಾಣುತ್ತದೆ.

ಶರತ್ತಿನಲ್ಲಿ ಪಾರಿಜಾತ ನಸುಕಿಗೇ ನೆಲಕ್ಕೆ ಬಿದ್ದಿರುತ್ತದೆ. ಅದನ್ನು ಟೊಂಗೆಯ ಮೇಲೆ ಬರೆಯುವವನು ಇರುಳಿನಲ್ಲೇ ಎದ್ದಿರಬೇಕು, ಇಲ್ಲವೆ ಬಿದ್ದ ಹೂವನ್ನು ಬಿದ್ದಂತೆಯೇ ಬರೆಯಬೇಕು. ಆಮೇಲೆ ದಸರೆ ದೀಪಾವಳಿಗಳ ಚೆಂಡುಹೂವು, ಅದರ ಹಿಂದೆಯೇ ಸೇವಂತಿಗೆ. ರಾತ್ರಿ ದೀರ್ಘವಾದ ಹೊರತು ಸೇವಂತಿಗೆ ಮೊಗ್ಗು ಕಟ್ಟುವುದಿಲ್ಲ. ಹೇಮಂತ ಬಂತೆಂಬುದನ್ನು ಅದು ನಮಗಿಂತ ಮುಂಚೆ ಅರಿಯುತ್ತದೆ. ಕಲಿಯುವವನು ಅದರ ಎಸಳುಗಳನ್ನೆಲ್ಲ ಎಣಿಸಿ ಬರೆದು ಹೂವನ್ನು ಕಳೆದುಕೊಳ್ಳುತ್ತಾನೆ. ತಿಳಿದವನು ಬೆಳಕಿನ ಕಡೆಯ ಗುಂಪು, ನೆರಳಿನ ಕಡೆಯ ಗುಂಪು ಎಂದು ಎರಡಾಗಿ ಕಾಣುತ್ತಾನೆ. ಎಳ್ಳಮಾವಾಸ್ಯೆ ಕಳೆದು ಸಂಕ್ರಾಂತಿಗೆ ಸಿದ್ಧೇಶ್ವರನ ಜಾತ್ರೆ ನೆರೆಯುವ ಹೊತ್ತಿಗೆ ಊರಾಚೆಯ ಹಿಂಗಾರಿ ಹೊಲಗಳಲ್ಲಿ ಜೋಳದ ನಡುವಿನ ಕುಸುಬಿ ಹೂವಿಗೆ ಬರುತ್ತದೆ. ಅದು ತೋಟದ ಹೂವಲ್ಲ, ನಿಜ. ಆದರೆ ಅರಳುವಾಗ ಹಳದಿಯಾಗಿದ್ದು ಬಲಿತಂತೆ ಕೇಸರಿಗೂ ಕೆಂಪಿಗೂ ತಿರುಗುವ ಆ ಮುಳ್ಳುಹೂವು ಕಾಲವನ್ನು ತನ್ನ ಮೈಯಲ್ಲೇ ತೋರಿಸುತ್ತದೆ. ಯುಗಾದಿಯ ಬೇವಿನ ಹೂವಿನೊಂದಿಗೆ ಸುತ್ತು ಮುಗಿಯುತ್ತದೆ. ಇನ್ನು ಬಾರಾಮಾಸ ಹೂಬಿಡುವ ಕಣಗಿಲೆಯಂಥ ಗಿಡಗಳಲ್ಲಿ ಋತುವೆಲ್ಲಿ ಎಂದು ಕೇಳಬಹುದು. ಎಲೆಯಲ್ಲಿ ನೋಡಬೇಕು. ಮಾರ್ಚಿಯ ಎಲೆಯ ಮೇಲೆ ಕುಳಿತ ಧೂಳು ಜುಲೈ ತಿಂಗಳ ಎಲೆಯ ಮೇಲಿರುವುದಿಲ್ಲ.

ಹೀಗೆ ಬರೆದ ವರ್ಷದ ಹಾಳೆಗಳಲ್ಲಿ ಹೂವಿಲ್ಲದ ಹಾಳೆಗಳೂ ಇರುತ್ತವೆ. ಏಪ್ರಿಲಿನ ಒಣ ಸೇವಂತಿಗೆಯ ಬುಡ, ಮಳೆಗೆ ಕಾಯುವ ಬರಿಯ ಕಡ್ಡಿ, ಇವೂ ಚಿತ್ರಗಳೇ. ನನ್ನ ಅಭಿಪ್ರಾಯದಲ್ಲಿ ಹೂವಿನ ಚಿತ್ರಕಾರನ ನಿಜವಾದ ಪರೀಕ್ಷೆ ಇಲ್ಲಿಯೇ ಇದೆ. ಅರಳಿದ ಹೂವು ತನ್ನ ಅಂದದಿಂದಲೇ ಅರ್ಧ ಚಿತ್ರವನ್ನು ಬರೆದುಕೊಡುತ್ತದೆ. ಬರಿಯ ಕಡ್ಡಿ ಏನನ್ನೂ ಕೊಡುವುದಿಲ್ಲ. ಆ ಕಡ್ಡಿಯಲ್ಲಿ ಬರಲಿರುವ ಹೂವನ್ನು ಕಾಣಿಸಬಲ್ಲವನು ಅಸರ್ ಮಹಲಿನವರೂ ಮಾಡದ ಕೆಲಸವನ್ನು ಮಾಡಿದಂತಾಯಿತು.

1956ರ ವರೆಗೆ ಮುಂಬಯಿ ಆಡಳಿತದಲ್ಲಿದ್ದ ಈ ಭಾಗದಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಚಿತ್ರಕಲಾ ಪರೀಕ್ಷೆಗಳು ಮನೆಮಾತಾಗಿದ್ದವು. ಹೂವು ಎಲೆ ಇರುವ ಟೊಂಗೆಯನ್ನು ಎದುರಿಗಿಟ್ಟು ಬರೆಯಿಸುತ್ತಿದ್ದ ಡ್ರಾಯಿಂಗ್ ಮಾಸ್ತರುಗಳಿಗೆ ನಮ್ಮ ಊರುಗಳು ಋಣಿಯಾಗಿರಬೇಕು. ಎದುರಿಗಿರುವುದನ್ನು ನೋಡು ಎಂಬ ಮೊದಲ ಪಾಠ ಅವರದು. ಆದರೆ ಪರೀಕ್ಷೆಗೆ ಒಂದು ದಿನ, ಒಂದು ಟೊಂಗೆ ಸಾಕು. ಇಂದು ಆ ಟೊಂಗೆಯ ಸ್ಥಾನಕ್ಕೂ ಫೋನಿನ ತೆರೆಯ ಮೇಲಿನ ಛಾಯಾಚಿತ್ರ ಬಂದಿದೆ. ಛಾಯಾಚಿತ್ರವನ್ನು ನಕಲುಮಾಡಿದ ಹೂವಿನಲ್ಲಿ ಬೆಳಕು ಬೇರೆ ಊರಿನದು, ತಿಂಗಳು ಯಾರದೋ. ಪೇಟೆಯ ಬುಟ್ಟಿಯೂ ಈಗ ನಂಬತಕ್ಕ ಪಂಚಾಂಗವಲ್ಲ. ದೀಪ ಹಚ್ಚಿ, ಕತ್ತಲೆ ಕವಿಸಿ ಸೇವಂತಿಗೆಯನ್ನು ಬೇಕಾದ ತಿಂಗಳಲ್ಲಿ ಅರಳಿಸುವ ಉಪಾಯ ಬೆಳೆಗಾರರಿಗೆ ತಿಳಿದಿದೆ. ಋತುವಿಲ್ಲದ ಹೂವು ಒಂದು ಕಾಲಕ್ಕೆ ಸುಲ್ತಾನನ ಗೋಡೆಯ ಕನಸಾಗಿತ್ತು; ಈಗ ಅಂಗಡಿಯ ಸರಕಾಗಿದೆ. ಈ ಸ್ಥಿತಿಯಲ್ಲಿ ಋತುವಿನ ನೆನಪು ಉಳಿಯಬಹುದಾದ ಸ್ಥಳಗಳು ಹಿತ್ತಲು ಮತ್ತು ಚಿತ್ರದ ಪುಸ್ತಕ. ಹಿತ್ತಲುಗಳೋ, ಮನೆಗಳು ಮಾಳಿಗೆಯ ಮೇಲೆ ಮಾಳಿಗೆ ಏರಿದಂತೆ, ಕಿರಿದಾಗುತ್ತಿವೆ.

ಆದುದರಿಂದ ನಮ್ಮ ಶಾಲೆ ಕಾಲೇಜುಗಳು ಚಿತ್ರಪ್ರದರ್ಶನವನ್ನು ಏರ್ಪಡಿಸುವಾಗ, ಹನ್ನೆರಡು ಬಗೆಯ ಹೂಗಳನ್ನು ಬರೆದು ತಂದವನಿಗಿಂತ ಒಂದೇ ಗಿಡವನ್ನು ಹನ್ನೆರಡು ತಿಂಗಳು ಬರೆದು ತಂದವನಿಗೆ ಬಹುಮಾನ ಕೊಡುವುದು ಒಳ್ಳೆಯದು. ಪ್ರತಿ ಹಾಳೆಯ ಮೂಲೆಯಲ್ಲಿ ತಾರೀಖು ಇರಲಿ, ಬರೆದವರ ಹೆಸರೂ ಇರಲಿ. ಶಿವಮೊಗ್ಗೆಯ ಆ ಚಿತ್ರಕಾರನಿಗೆ ಆದದ್ದು ಇನ್ನೊಬ್ಬರಿಗೆ ಆಗದಿರಲಿ. ಹಾಗೆ ವರ್ಷವೆಲ್ಲ ಒಂದು ಗಿಡದ ಮುಂದೆ ಕುಳಿತು ಬಂದವರು ಅಸರ್ ಮಹಲಿನ ಮೆಟ್ಟಿಲೇರಿ ಆ ಮಾಸಿದ ಹೂದಾನಿಗಳನ್ನು ನೋಡಿದರೆ ಅವು ಅವರಿಗೆ ಬೇರೆಯಾಗಿಯೇ ಕಂಡಾವು. ಬಾಡುವುದನ್ನು ಬಲ್ಲವರಿಗಲ್ಲದೆ ಬಾಡದ ಹೂವಿನ ಬೆಲೆ ತಿಳಿಯುವುದು ಕಷ್ಟ.