ತ್ರೀ ನಾಟ್ ತ್ರೀ ಈಗ ಎಲ್ಲಿ ಸಲ್ಲುತ್ತದೆ?

ಸೇನೆಗಳು ಕೈಬಿಟ್ಟ ಹಳೆಯ ರೈಫಲ್‌ಗಳಲ್ಲಿ ಲೀ-ಎನ್‌ಫೀಲ್ಡ್‌ನಷ್ಟು ದೀರ್ಘಕಾಲ ದುಡಿದವು ಬೆರಳೆಣಿಕೆಯಷ್ಟು. ಠಾಣೆಗಳಲ್ಲೂ ಎನ್‌ಸಿಸಿ ಮೈದಾನಗಳಲ್ಲೂ ‘ತ್ರೀ ನಾಟ್ ತ್ರೀ’ ಎಂದೇ ಕರೆಸಿಕೊಂಡ ಈ .303 ಕೋವಿಯ ಮಾರ್ಕ್ 3 ಮಾದರಿ 1907ರಲ್ಲಿ ಬಂತು. ಎರಡನೆಯ ಮಹಾಯುದ್ಧದ ಹೊತ್ತಿಗೆ ತಯಾರಿಕೆ ಸುಲಭವಾದ, ಗುರಿನೋಟ ಇನ್ನೂ ಚೊಕ್ಕವಾದ ನಂ. 4 ಬಳಕೆಗೆ ಬಂತು. ಕೆಲಸಕ್ಕೆ ಬೇಕಾದ ಹಳೆಯ ಸೇನಾ ರೈಫಲ್ ಎಂದರೆ ಇಂದಿಗೂ ಮೊದಲು ನೋಡಬೇಕಾದದ್ದು ಈ ನಂ. 4 ಅನ್ನೇ.

ಲೀ-ಎನ್‌ಫೀಲ್ಡ್‌ನ ಹೆಚ್ಚುಗಾರಿಕೆ ಇರುವುದು ಬೋಲ್ಟ್‌ನಲ್ಲಿ. ಮೌಸರ್ ರೈಫಲ್‌ನ ಬೋಲ್ಟ್ ಮುಂತುದಿಯಲ್ಲಿ ಬಿಗಿದುಕೊಂಡರೆ, ಇದು ಹಿಂಭಾಗದಲ್ಲಿ ಬಿಗಿದುಕೊಳ್ಳುತ್ತದೆ. ಹಿಡಿಕೆಯನ್ನು ಸುಮಾರು 60 ಡಿಗ್ರಿ ಎತ್ತಿದರೆ ಸಾಕು. ಎಳೆಯಬೇಕಾದ ದೂರವೂ ಕಡಿಮೆ. ಕೆನ್ನೆಯನ್ನು ಮರದಿಂದ ಎತ್ತದೆ, ಗುರಿಯಿಂದ ಕಣ್ಣು ಕೀಳದೆ ಮುಂದಿನ ತೋಟಾ ತುಂಬಬಹುದು. ಮ್ಯಾಗಜಿನ್‌ನಲ್ಲಿ 10 ತೋಟಾ ಹಿಡಿಸುತ್ತವೆ. 1914ಕ್ಕೆ ಮುಂಚಿನ ಬ್ರಿಟಿಷ್ ಸಿಪಾಯಿಗೆ 300 ಗಜ ದೂರದ ಗುರಿಗೆ ನಿಮಿಷಕ್ಕೆ 15 ಈಡು ಹೊಡೆಯುವ ತಾಲೀಮು ಇತ್ತು. ಆ ವೇಗ ಸಾಧ್ಯವಾದದ್ದು ಈ ಬೋಲ್ಟ್‌ನಿಂದ.

ಇಂಥ ಕೋವಿ ನಿಜಕ್ಕೂ ಅನ್ನ ಸಂಪಾದಿಸಿದ್ದು ಹಿಮನಾಡಿನಲ್ಲಿ. ಕೆನಡಾದ ಉತ್ತರದ ಅಂಚನ್ನು ಕಾಯುವ ಕೆನೇಡಿಯನ್ ರೇಂಜರ್ಸ್ ಪಡೆ 1947ರಲ್ಲಿ ಶುರುವಾಯಿತು. ಹಿಮಕರಡಿಗಳಿರುವ ನೆಲದಲ್ಲಿ ಓಡಾಡುವ ಆ ಜನ ಏಳು ದಶಕ ನೆಚ್ಚಿದ್ದು ನಂ. 4 ಅನ್ನು. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಸ್ವಯಂಚಾಲಿತ ಆಯುಧ ಮಂದವಾಗುತ್ತದೆ. ಬೋಲ್ಟ್ ರೈಫಲ್‌ನ ಎಣ್ಣೆ ಒರೆಸಿ ಒಣಗಿಸಿಟ್ಟರೆ, ದಪ್ಪ ಕೈಗವಸಿನ ಕೈಯ ಬಲವೇ ಅದನ್ನು ನಡೆಸುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ನಾಯಿಗಾಡಿಯ ಮೇಲೆ ಗಸ್ತು ತಿರುಗುವ ಡೆನ್ಮಾರ್ಕಿನ ಸಿರಿಯಸ್ ಪಡೆಯೂ ಮೊದಲ ಮಹಾಯುದ್ಧ ಕಾಲದ ಅಮೆರಿಕನ್ ಎಂ 1917 ರೈಫಲನ್ನು 21ನೇ ಶತಮಾನದವರೆಗೂ ಬಳಸಿತು. ರೇಂಜರ್ಸ್ 2018ರಿಂದ ಸಿ 19 ಎಂಬ ಹೊಸ ಬೋಲ್ಟ್ ರೈಫಲ್‌ಗೆ ಬದಲಾದರು. ಹಳತು ಕೈಕೊಟ್ಟಿತೆಂದಲ್ಲ, ಬಿಡಿಭಾಗ ಸಿಗುವುದು ಕಷ್ಟವಾಯಿತು ಎಂದು. ಹೊಸದೂ ಬೋಲ್ಟ್ ರೈಫಲ್ಲೇ ಎಂಬುದು ಗಮನಿಸಬೇಕಾದ ಸಂಗತಿ.

ಎದುರಾಳಿಯ ಕೈಯಲ್ಲಿ ಸ್ವಯಂಚಾಲಿತ ಆಯುಧವಿರುವ ಕಡೆ ಮಾತ್ರ ಲೀ-ಎನ್‌ಫೀಲ್ಡ್ ಕೊಟ್ಟು ಕಳಿಸುವುದು ಅನ್ಯಾಯ. 2008ರ ನವೆಂಬರ್ 26ರ ರಾತ್ರಿ ಮುಂಬಯಿಯ ಸಿಎಸ್‌ಟಿ ನಿಲ್ದಾಣದಲ್ಲಿ ಪೊಲೀಸರ ಬಳಿ ಇದ್ದದ್ದು .303, ದಾಳಿಕೋರರ ಬಳಿ ಎಕೆ ರೈಫಲ್. ಉತ್ತರ ಪ್ರದೇಶದ ಪೊಲೀಸರು .303ಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಂದು. ಬಹಳ ತಡವಾಯಿತು.

ಮಾರಾಟಕ್ಕೆ ಅವಕಾಶವಿರುವ ದೇಶಗಳಲ್ಲಿ ಕೊಳ್ಳುವವರು ಮರದ ಹೊಳಪು ನೋಡಿ ಮರುಳಾಗಬಾರದು. ಮೊದಲು ನೋಡಬೇಕಾದದ್ದು ನಳಿಗೆಯ ಒಳಗನ್ನು. ಬೋಲ್ಟ್ ಕಳಚಿ ಬೆಳಕಿಗೆ ಹಿಡಿದಾಗ ಸುರುಳಿಗೆರೆಗಳು ಬಾಯಿಯವರೆಗೂ ಚೂಪಾಗಿ ಕಾಣಬೇಕು. ಹಳೆಯ ಸೇನಾ ತೋಟಾಗಳ ಕಿಡಿಮದ್ದು ಉಪ್ಪಿನಂಥ ಶೇಷವನ್ನು ಉಳಿಸುತ್ತದೆ; ಅದು ಗಾಳಿಯ ತೇವವನ್ನು ಹೀರಿ ಉಕ್ಕನ್ನು ತಿನ್ನುತ್ತದೆ. ಎಣ್ಣೆಗೆ ಆ ಉಪ್ಪು ಕರಗದು. ಬಿಸಿನೀರು ಹೊಯ್ದು ತೊಳೆದು, ಒಣಗಿಸಿ, ಆಮೇಲೆ ಎಣ್ಣೆ ಹಚ್ಚಬೇಕು. ಇಷ್ಟು ಮಾಡದೆ ಕೆಟ್ಟ ನಳಿಗೆಗಳಿಗೆ ಲೆಕ್ಕವಿಲ್ಲ. ಎರಡನೆಯದು, ಬೋಲ್ಟ್‌ಗೂ ತೋಟಾದ ತಳಕ್ಕೂ ನಡುವಿನ ಸಂದು. ಸವೆತದಿಂದ ಅದು ಹೆಚ್ಚಿದರೆ ಹಿತ್ತಾಳೆ ಕವಚ ಸೀಳುವ ಅಪಾಯವಿದೆ. ನಂ. 4ರಲ್ಲಿ 0ಯಿಂದ 3ರವರೆಗೆ ಅಂಕಿ ಹಾಕಿದ ಬೋಲ್ಟ್ ತಲೆಗಳಿದ್ದು, ತಲೆ ಬದಲಿಸಿ ಸಂದನ್ನು ಸರಿಪಡಿಸಬಹುದು. ಅಳತೆಕಡ್ಡಿ ಇರುವ ಬಂದೂಕು ರಿಪೇರಿಯವರಿಂದ ನೋಡಿಸದೆ ಒಂದು ಈಡೂ ಹೊಡೆಯಕೂಡದು. ಬೋಲ್ಟ್‌ನ ಸಂಖ್ಯೆ ಕೋವಿಯ ಸಂಖ್ಯೆಗೆ ಹೊಂದುವುದೂ ಒಳ್ಳೆಯ ಲಕ್ಷಣ.

ತೋಟಾ ತುಂಬುವುದರಲ್ಲೂ ಒಂದು ಹದವಿದೆ. .303ರ ತಳಕ್ಕೆ ಅಂಚುಕಟ್ಟು ಇರುವುದರಿಂದ, ಪ್ರತಿ ತೋಟಾದ ಅಂಚು ಕೆಳಗಿನದರ ಅಂಚಿಗಿಂತ ಮುಂದೆ ಕೂರಬೇಕು. ಹಿಂದೆ ಕೂತರೆ ಒಂದನ್ನೊಂದು ಕಚ್ಚಿ ಬೋಲ್ಟ್ ನಿಂತುಹೋಗುತ್ತದೆ. ಬೇಟೆಗೆ ಅನುಮತಿಯಿರುವಲ್ಲಿ ಸೇನೆಯ ಪೂರ್ಣಕವಚದ ಗುಂಡು ಸಲ್ಲದು. ಅದು ಪ್ರಾಣಿಯನ್ನು ಕೊಲ್ಲದೆ ಹಾದುಹೋಗಿ ನರಳಿಸಬಹುದು. ಮೆದುಮೂತಿಯ ಗುಂಡು ಬೇಕು.

ಭಾರತದಲ್ಲಿ .303 ನಾಗರಿಕರಿಗೆ ನಿಷಿದ್ಧ ಬೋರ್. ಆದರೂ ಅದರ ಸಂತತಿ ಇಲ್ಲಿದೆ. ಪಶ್ಚಿಮ ಬಂಗಾಳದ ಇಶಾಪುರ ಕಾರ್ಖಾನೆ 1962ರ ಯುದ್ಧದ ನಂತರ ಇದೇ ವಿನ್ಯಾಸವನ್ನು ಗಟ್ಟಿ ಉಕ್ಕಿನಲ್ಲಿ, 7.62 ಮಿ.ಮೀ. ತೋಟಾಕ್ಕೆ ಹೊಂದುವಂತೆ ತಯಾರಿಸಿತು. ಆ 2ಎ ಮತ್ತು 2ಎ1 ರೈಫಲ್‌ಗಳನ್ನು ಕೊರೆದು ಹಿಗ್ಗಿಸಿದ .303 ಎಂದು ಹಲವರು ತಿಳಿದಿದ್ದಾರೆ, ಅದು ತಪ್ಪು. ಅವು ಹೊಸದಾಗಿಯೇ ತಯಾರಾದವು. ಪರವಾನಗಿಯ ಮೇಲೆ ಸಿಗುವ .315 ಸ್ಪೋರ್ಟಿಂಗ್ ರೈಫಲ್‌ನ ಬೋಲ್ಟೂ ಲೀ-ಎನ್‌ಫೀಲ್ಡ್ ವಂಶದ್ದೇ. ಸೇನೆಯ ತೋಟಾ ಹಾಕಲಾಗದ ಬೋರ್ ಆದದ್ದರಿಂದಲೇ ಬ್ರಿಟಿಷರ ಕಾಲದಲ್ಲಿ ಅದನ್ನು ನಾಗರಿಕರಿಗೆ ಬಿಟ್ಟದ್ದು. .303ಕ್ಕೆ ಹೇಳಿದ ನಳಿಗೆಯ ಪರೀಕ್ಷೆ, ಸಂದಿನ ಅಳತೆ, ಅಂಚುಕಟ್ಟಿನ ಎಚ್ಚರ ಮೂರೂ ಹಳೆಯ .315 ಕೊಳ್ಳುವವರಿಗೂ ಹಾಗೆಯೇ ಅನ್ವಯಿಸುತ್ತವೆ.