ಎಫ್‌ಎಂ ಹಾಡಿನ ಹಾದಿ: ಬೆಂಗಳೂರಿನಿಂದ ವೈದ್ಯನಾಥಪುರದವರೆಗೆ

ಖಾಸಗಿ ಎಫ್‌ಎಂ ನಿಲಯಕ್ಕೆ ಹಾಡೇ ಬಂಡವಾಳ. ಸ್ವಂತ ಸುದ್ದಿ ಓದುವ ಹಕ್ಕು ಅದಕ್ಕಿಲ್ಲ. ಎಫ್‌ಎಂ ನೀತಿಯ ಮೂರನೇ ಹಂತ ಬಂದ ಮೇಲೂ ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದಷ್ಟೆ. ನಾಟಕ, ಚಿಂತನ, ರೈತರ ಕಾರ್ಯಕ್ರಮಗಳೆಲ್ಲ ಆಕಾಶವಾಣಿಯ ಪಾಲಿಗೆ ಉಳಿದಿವೆ. ಹಾಗಾಗಿ ಯಾವ ಭಾಷೆಯ ಹಾಡು, ಯಾವ ಕಾಲದ ಹಾಡು, ದಿನಕ್ಕೆ ಎಷ್ಟು ಸಲ ಎಂಬ ತೀರ್ಮಾನವೇ ಖಾಸಗಿ ನಿಲಯದ ಗುರುತು. ಉದ್ಯಮದವರು ಇದನ್ನೇ ಫಾರ್ಮ್ಯಾಟ್ ಎನ್ನುತ್ತಾರೆ. ಬೆಂಗಳೂರಿನ ನಿಲಯಗಳು ಇದನ್ನು ಒಮ್ಮೆ ಒಟ್ಟಾಗಿಯೇ ಎಂಬಂತೆ ಬದಲಿಸಿವೆ. ಮತ್ತೆ ಬದಲಿಸಿಯಾವೇ, ಬದಲಿಸಿದರೆ ಎತ್ತ ಹೊರಳಿಯಾವು ಎಂಬುದನ್ನು ಹೇಳಬೇಕಾದರೆ ಆ ಮೊದಲ ಬದಲಾವಣೆಯ ಗುಣದೋಷವನ್ನು ನೋಡಲೇಬೇಕು.

ದೇಶದ ಮೊದಲ ಖಾಸಗಿ ಎಫ್‌ಎಂ ನಿಲಯ ರೇಡಿಯೋ ಸಿಟಿ 2001ರ ಜುಲೈ 3ರಂದು ಬೆಂಗಳೂರಿನಲ್ಲೇ ಆರಂಭವಾಯಿತು. ಆಗ ಅದು ಹಿಂದಿ, ಇಂಗ್ಲಿಷ್, ಕನ್ನಡ ಮೂರನ್ನೂ ಬೆರೆಸಿ ಹಾಕುತ್ತಿತ್ತು, ಆದರೆ ಆ ಮಿಶ್ರಣದಲ್ಲಿ ಕನ್ನಡದ ಪಾಲು ಕಡಿಮೆ. ಇದಕ್ಕೆ ಲೆಕ್ಕಾಚಾರದ ಕಾರಣವೊಂದಿತ್ತು. ಮೊದಲ ಹಂತದ ಪರವಾನಗಿ ಶುಲ್ಕ ವರ್ಷಕ್ಕೆ ಶೇ 15ರಂತೆ ಏರುತ್ತ ಹೋಗುತ್ತಿತ್ತು. ಆ ಹೊರೆ ಹೊತ್ತ ನಿಲಯ ಹೆಚ್ಚು ಹಣ ಕೊಡಬಲ್ಲ ಜಾಹೀರಾತುದಾರನನ್ನು ಹುಡುಕಿತು. ಆ ಜಾಹೀರಾತುದಾರನ ಕಣ್ಣಿಗೆ ಬೆಂಗಳೂರು ಎಂದರೆ ಎಂ.ಜಿ. ರಸ್ತೆ ಮತ್ತು ಐಟಿ ಕಚೇರಿಗಳು. ಬಸವನಗುಡಿ, ರಾಜಾಜಿನಗರ, ವಿಜಯನಗರಗಳು ಕಾಣಲೇ ಇಲ್ಲ. ಕನ್ನಡಪರ ಸಂಘಟನೆಗಳು ಇದನ್ನು ಪ್ರಶ್ನಿಸಿದವು. ನಿಲಯಗಳದು ಮಾತ್ರ ಒಂದೇ ಉತ್ತರ: ಕನ್ನಡ ಹಾಡಿಗೆ ಮಾರುಕಟ್ಟೆ ಇಲ್ಲ.

ಆ ಉತ್ತರ ಹೆಚ್ಚು ದಿನ ನಿಲ್ಲಲಿಲ್ಲ. 2005ರ ಎರಡನೇ ಹಂತದ ನೀತಿ ಏರುವ ಶುಲ್ಕವನ್ನು ಕೈಬಿಟ್ಟು ಆದಾಯದ ಶೇ 4ರ ಪಾಲಿನ ಪದ್ಧತಿ ತಂದಿತು. 2006ರಿಂದ ಈಚೆಗೆ ರೇಡಿಯೋ ಮಿರ್ಚಿ, ಬಿಗ್ ಎಫ್‌ಎಂ, ಎಸ್ ಎಫ್‌ಎಂ, ಇಂಡಿಗೋ, ಫೀವರ್ ಒಂದರ ಹಿಂದೊಂದು ಬಂದವು. ಎಲ್ಲರೂ ಅದೇ ಹಿಂದಿ ಹಾಡು ಹಾಕಿದರೆ ಒಬ್ಬರಿಂದೊಬ್ಬರನ್ನು ಬೇರೆಯಾಗಿ ತೋರಿಸುವುದು ಹೇಗೆ? ಇಂಡಿಗೋ ಇಂಗ್ಲಿಷನ್ನೇ ಹಿಡಿಯಿತು. ಬಿಗ್, ಮಿರ್ಚಿ, ಎಸ್ ಎಫ್‌ಎಂಗಳು ಕನ್ನಡಕ್ಕೆ ಹೊರಳಿದವು, ರೇಡಿಯೋ ಸಿಟಿಯೂ ಕ್ರಮೇಣ ಅದೇ ದಾರಿ ಹಿಡಿಯಿತು. ಅಷ್ಟರಲ್ಲಿ 2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ತೆರೆ ಕಂಡಿತು. ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ ಮತ್ತು ಯೋಗರಾಜ ಭಟ್ಟರ ಸಾಹಿತ್ಯ, ಹಿಂದಿ ಕೇಳುಗರಿಗೂ ಪರಿಚಿತವಾದ ಸೋನು ನಿಗಮ್ ದನಿ. ಕನ್ನಡ ಬಾರದವರೂ ಫೋನ್ ಮಾಡಿ ಕೇಳುವ ಹಾಡು ನಿಲಯಗಳ ಕೈಗೆ ಸಿಕ್ಕಿತು. 2007ರಲ್ಲಿ ಶುರುವಾದ ರೇಡಿಯೋ ಶ್ರೋತೃ ಮಾಪನ ಪದ್ಧತಿಯೂ ಮುಂಬೈ, ದೆಹಲಿ, ಕೋಲ್ಕತ್ತಾಗಳ ಜೊತೆಗೆ ಬೆಂಗಳೂರನ್ನು ಎಣಿಸತೊಡಗಿತು. ಆಯ್ದ ಕೇಳುಗರು ತಾವು ಕೇಳಿದ್ದನ್ನು ಡೈರಿಯಲ್ಲಿ ಬರೆದುಕೊಡುವ ಕ್ರಮ ಅದು. ಅದರಲ್ಲಿ ಲೋಪಗಳಿದ್ದರೂ ಕನ್ನಡ ಕೇಳುಗ ಇದ್ದಾನೆ ಎಂಬುದು ಜಾಹೀರಾತುದಾರರಿಗೆ ಕಾಗದದ ಮೇಲೆ ಕಾಣುವಂತಾಯಿತು.

ಈ ಹೊರಳು ಸಾಧಿಸಿದ್ದು ಸಣ್ಣದಲ್ಲ. ರಾಜ್ಯದ ರಾಜಧಾನಿಯಲ್ಲಿ ಕನ್ನಡ ಮತ್ತೆ ಆಟೊದಲ್ಲಿ, ಸಲೂನಿನಲ್ಲಿ, ಪಿಜಿಯ ಅಡುಗೆಮನೆಯಲ್ಲಿ ದಿನವಿಡೀ ಕೇಳಿಸಿತು. ಆರ್‌ಜೆಗಳು ಗ್ರಾಂಥಿಕ ಕನ್ನಡ ಬಿಟ್ಟು ಬೆಂಗಳೂರಿನ ಬೀದಿಮಾತನ್ನು ಮೈಕಿನ ಮುಂದೆ ತಂದರು. ಆ ಮಾತಿಗೆ ಹುಬ್ಬು ಗಂಟಿಕ್ಕಿದವರೂ ಇದ್ದರು. ಆದರೂ ಕನ್ನಡ ಕಲಿಯದೆಯೇ ಬೆಂಗಳೂರಿನಲ್ಲಿ ಬದುಕಬಹುದು ಎಂದುಕೊಂಡಿದ್ದ ಒಂದು ಪೀಳಿಗೆಯ ಕಿವಿಗೆ ಕನ್ನಡ ಬಿದ್ದದ್ದು ಇದರಿಂದಲೇ ಎಂಬುದನ್ನು ಒಪ್ಪಿಕೊಳ್ಳಬೇಕು.

ಆದರೆ ಬದಲಾದದ್ದು ಭಾಷೆ ಮಾತ್ರ. ಸಂಗೀತ ಹಿಂದೆ ಇದ್ದಲ್ಲೇ ಇದೆ. ಕನ್ನಡ ನಿಲಯವೊಂದನ್ನು ಬೆಳಗಿನ ಒಂದು ಗಂಟೆ ಗಮನವಿಟ್ಟು ಕೇಳಿದರೆ ಸಾಕು. ಈ ತಿಂಗಳು ಬಿಡುಗಡೆಯಾಗಲಿರುವ ಚಿತ್ರದ ಹಾಡು, ಕಳೆದ ವರ್ಷದ ಜನಪ್ರಿಯ ಹಾಡು, ನಡುವೆ ತೊಂಬತ್ತರ ದಶಕದ ಹಂಸಲೇಖ ಅವರದೊಂದು, ಮತ್ತೆ ಬಿಡುಗಡೆಯಾಗಲಿರುವ ಚಿತ್ರದ್ದೇ ಇನ್ನೊಂದು. ಪಲ್ಲವಿಗೆ ಮುಂಚಿನ ವಾದ್ಯಭಾಗದ ಮೇಲೆ ಆರ್‌ಜೆ ಮಾತು ಹರಿದಿರುತ್ತದೆ, ದನಿ ಏಳುವ ಹೊತ್ತಿಗೆ ಸರಿಯಾಗಿ ಮಾತು ನಿಲ್ಲುತ್ತದೆ. ಇದೊಂದು ಕೌಶಲವೇ. ಎರಡನೇ ಚರಣ ಬರುವ ಮೊದಲೇ ಹಾಡು ತೆಳುವಾಗಿ, ಚಿನ್ನದಂಗಡಿಯದೋ ನಿವೇಶನದ್ದೋ ಜಾಹೀರಾತು ನುಗ್ಗುತ್ತದೆ. ಮಧ್ಯಾಹ್ನ ಅದೇ ಹಾಡುಗಳು ಸರದಿ ಬದಲಿಸಿಕೊಂಡು ಬರುತ್ತವೆ. ಯಾವ ಹಾಡು ಎಷ್ಟು ಗಂಟೆಗೊಮ್ಮೆ ತಿರುಗಬೇಕೆಂಬುದನ್ನು ತಂತ್ರಾಂಶ ಗೊತ್ತುಮಾಡುತ್ತದೆ, ಆರ್‌ಜೆಯ ಇಷ್ಟಕ್ಕೆ ಅಲ್ಲಿ ಜಾಗ ಕಡಿಮೆ. ಕೆಲವೇ ಹಾಡುಗಳನ್ನು ಮತ್ತೆ ಮತ್ತೆ ತಿರುಗಿಸುವ ಈ ಕ್ರಮ 1950ರ ದಶಕದಲ್ಲಿ ಅಮೆರಿಕದ ಒಮಾಹಾ ನಗರದಲ್ಲಿ ಟಾಡ್ ಸ್ಟೋರ್ಜ್ ಎಂಬ ನಿಲಯದ ಒಡೆಯ ರೂಢಿಗೆ ತಂದದ್ದು. ಎಪ್ಪತ್ತು ವರ್ಷ ಕಳೆದರೂ ಬೆಂಗಳೂರಿನಲ್ಲಿ ಅದು ಹಾಗೆಯೇ ನಡೆದಿದೆ.

ಸಿನಿಮಾದಾಚೆಯ ಕನ್ನಡ ಹಾಡಿಗೆ ಕೇಳುಗರಿಲ್ಲ ಎಂಬ ಸಮಜಾಯಿಷಿ ಇಲ್ಲಿಯೂ ಕೇಳಿಬರುತ್ತದೆ. ಅದು ಹಿಂದೆ ಕನ್ನಡ ಚಿತ್ರಗೀತೆಯ ಬಗ್ಗೆ ಹೇಳಿದ ಮಾತೇ. ದಾಖಲೆ ಬೇರೆಯನ್ನೇ ಹೇಳುತ್ತದೆ. 1978ರಲ್ಲಿ ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಕಟ್ಟಿದ ‘ನಿತ್ಯೋತ್ಸವ’ ಧ್ವನಿಸುರುಳಿ ಮನೆಮನೆಗೆ ಹೋಯಿತು, ಭಾವಗೀತೆಯ ಕ್ಯಾಸೆಟ್ ಉದ್ಯಮವನ್ನೇ ಹುಟ್ಟುಹಾಕಿತು. 2005ರಲ್ಲಿ, ಅಂದರೆ ಎಫ್‌ಎಂ ನಿಲಯಗಳು ಕನ್ನಡಕ್ಕೆ ಹೊರಳುವ ಹೊಸ್ತಿಲಲ್ಲೇ, ಸಿ. ಅಶ್ವತ್ಥ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಕನ್ನಡವೇ ಸತ್ಯ’ ಎಂದು ಬರೀ ಕವಿಗಳ ಹಾಡುಗಳನ್ನು ಹಾಡಿದಾಗ ಮೈದಾನ ಕಿಕ್ಕಿರಿಯಿತು. ನಗರದ ನಡುಮಧ್ಯೆ ನೆರೆದ ಆ ಜನಸಾಗರ ನಿಲಯಗಳ ಲೆಕ್ಕಕ್ಕೆ ಬರಲೇ ಇಲ್ಲ. ಬಂದಿದ್ದರೆ ಕನ್ನಡಕ್ಕೆ ಹೊರಳುವಾಗಲೇ ಸುಗಮ ಸಂಗೀತಕ್ಕೂ ಜಾಗ ಸಿಗುತ್ತಿತ್ತು.

ಇದರ ಪರಿಣಾಮ ಬೆಂಗಳೂರಿಗಿಂತ ಹೆಚ್ಚಾಗಿ ಕಾಣುವುದು ಅದರ ಅಲೆಗಳು ಕೊನೆಗೊಳ್ಳುವ ಸೀಮೆಯಲ್ಲಿ. ಮದ್ದೂರಿನ ಬಳಿ, ಶಿಂಷಾ ನದಿಯ ದಂಡೆಯ ವೈದ್ಯನಾಥಪುರ ಅಂಥದೊಂದು ಊರು. ಬೆಂಗಳೂರು ಅಲ್ಲಿಂದ ಹೆಚ್ಚುಕಡಿಮೆ 80 ಕಿಲೋಮೀಟರ್, ಮೈಸೂರು 60. ಬೆಂಗಳೂರಿನಿಂದ ಹೊರಟ ಕಾರಿನ ರೇಡಿಯೋದಲ್ಲಿ ರಾಮನಗರ ದಾಟಿದ ಮೇಲೆ ನಗರದ ನಿಲಯಗಳು ಬಿದ್ದು ಏಳತೊಡಗುತ್ತವೆ, ಮದ್ದೂರಿನ ಆಸುಪಾಸಿನಲ್ಲಿ ಕರಕರ ಸದ್ದಾಗಿ ಅಡಗುತ್ತವೆ, ಮುಂದೆ ಮೈಸೂರಿನ ನಿಲಯಗಳು ನಿಚ್ಚಳವಾಗುತ್ತವೆ. ಮೈಸೂರಿನ ಖಾಸಗಿ ನಿಲಯಗಳಾದ ಬಿಗ್ ಮತ್ತು ರೆಡ್ ಎಫ್‌ಎಂ ಹಾಕುವುದೂ ಬೆಂಗಳೂರಿನ ಮಾದರಿಯ ಹಾಡುಗಳನ್ನೇ. ಹಾಗಾಗಿ ಎರಡು ನಗರಗಳ ನಡುವಿನ ಈ ಸೀಮೆಯ ಕೇಳುಗ ಮುಳ್ಳು ಎತ್ತ ತಿರುಗಿಸಿದರೂ ಸಿಗುವುದು ಒಂದೇ ಬಗೆಯ ಪಟ್ಟಿ. ಬೇರೆಯಾಗಿ ಕೇಳಿಸುವುದು 100.6ರ ಮೈಸೂರು ಆಕಾಶವಾಣಿ ಮಾತ್ರ.

ಈ ಸೀಮೆಗೆ ಹಾಡಿನ ಬಡತನವಿಲ್ಲ ಎಂಬುದೇ ಇಲ್ಲಿನ ವಿಪರ್ಯಾಸ. ಮಂಟೇಸ್ವಾಮಿಯ ಗದ್ದುಗೆ ಇರುವ ಬೊಪ್ಪೇಗೌಡನಪುರ ಮಳವಳ್ಳಿ ತಾಲ್ಲೂಕಿನದು. ನೀಲಗಾರರು ತಂಬೂರಿ ಮೀಟುತ್ತ, ಗಗ್ಗರ ದಮ್ಮಡಿ ನುಡಿಸುತ್ತ ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಕಾವ್ಯ, ದೇವರಗುಡ್ಡರು ಕಂಸಾಳೆಯೊಡನೆ ಹಾಡುವ ಮಾದೇಶ್ವರನ ಕಾವ್ಯ, ಮದುವೆಮನೆಯ ಸೋಬಾನೆ ಎಲ್ಲವೂ ಈ ನೆಲದ್ದೇ. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಎಚ್.ಎಲ್. ನಾಗೇಗೌಡರು ಇಂಥ ಹಾಡುಗಳನ್ನು ಊರೂರು ಸುತ್ತಿ ಸಂಗ್ರಹಿಸಿದರು, ರಾಮನಗರದ ಬಳಿ ಹೆದ್ದಾರಿಯ ಪಕ್ಕದಲ್ಲೇ ಜಾನಪದ ಲೋಕ ಕಟ್ಟಿದರು. ಭಾವಗೀತೆಯ ಕೆ.ಎಸ್. ನರಸಿಂಹಸ್ವಾಮಿ ಹುಟ್ಟಿದ ಕಿಕ್ಕೇರಿಯೂ ಮಂಡ್ಯ ಜಿಲ್ಲೆಯದೇ.

ಜನಪದ ಎಫ್‌ಎಂನಲ್ಲಿ ಬರುವುದೇ ಇಲ್ಲವೆಂದಲ್ಲ, ಸಿನಿಮಾದ ಅಂಗಿ ತೊಟ್ಟು ಬಂದರೆ ಬರುತ್ತದೆ. ‘ಜನುಮದ ಜೋಡಿ’ಯಲ್ಲಿ (1996) ಎಲ್.ಎನ್. ಶಾಸ್ತ್ರಿ ಹಾಡಿದ ಜಂಗಮದೇವನ ಪದ ರಾಜ್ಯ ಪ್ರಶಸ್ತಿ ಪಡೆಯಿತು, ಇವತ್ತಿಗೂ ನಿಲಯಗಳಲ್ಲಿ ಕೇಳಿಸುತ್ತದೆ. 2005ರ ‘ಜೋಗಿ’ಯ ಯಶಸ್ಸಿನಲ್ಲೂ ಜನಪದ ಧಾಟಿಯ ಪಾಲಿದೆ. ನರಸಿಂಹಸ್ವಾಮಿಯವರ ಕವಿತೆಗಳೂ 1992ರ ‘ಮೈಸೂರು ಮಲ್ಲಿಗೆ’ ಚಿತ್ರದ ಹಾಡುಗಳಾಗಿದ್ದರಿಂದಲೇ ಆಗೊಮ್ಮೆ ಈಗೊಮ್ಮೆ ಪಟ್ಟಿಯೊಳಗೆ ನುಸುಳಿವೆ. ಅಂದ ಮೇಲೆ ಕೇಳುಗರ ರುಚಿಯನ್ನು ದೂರುವಂತಿಲ್ಲ. ಅದೇ ಹಾಡು ಸಿನಿಮಾದ ಮುದ್ರೆ ಇಲ್ಲದೆ ಬಂದರೆ ಹಾಕಬಾರದೆಂಬುದು ನಿಲಯಗಳು ತಾವೇ ಮಾಡಿಕೊಂಡ ಕಟ್ಟಳೆ.

ಆ ಕಟ್ಟಳೆಗೂ ಲೆಕ್ಕವಿದೆ. ಚಿತ್ರ ಬಿಡುಗಡೆಗೆ ಮುಂಚೆ ನಿರ್ಮಾಪಕರು ಹಾಡನ್ನು ಪ್ರಚಾರಕ್ಕೆ ತಾವೇ ತಂದುಕೊಡುತ್ತಾರೆ, ನಟರು ಸ್ಟುಡಿಯೋಗೆ ಬರುತ್ತಾರೆ, ಜಾಹೀರಾತೂ ಜೊತೆಗೆ ಬರುತ್ತದೆ. ನೀಲಗಾರರ ಪದಕ್ಕೆ ಬಿಡುಗಡೆಯ ದಿನಾಂಕವಿಲ್ಲ. ಗೌರವಧನದ ನೆಪ ಮಾತ್ರ ಇಲ್ಲಿ ನಡೆಯದು. ಧ್ವನಿಮುದ್ರಣಗಳಿಗೆ ನಿವ್ವಳ ಜಾಹೀರಾತು ಆದಾಯದ ಶೇ 2ರಷ್ಟು ಕೊಟ್ಟರೆ ಸಾಕೆಂದು ಹಕ್ಕುಸ್ವಾಮ್ಯ ಮಂಡಳಿ 2010ರಲ್ಲೇ ಗೊತ್ತುಮಾಡಿತ್ತು. ಆ ವ್ಯವಸ್ಥೆ 2020ರವರೆಗೆ ನಡೆಯಿತು. ಆ ಹತ್ತು ವರ್ಷ ಸಿನಿಮಾ ಹಾಡಿಗೂ ಭಾವಗೀತೆಗೂ ದರ ಒಂದೇ ಇತ್ತು.

ಹಾಡಿನ ನೀತಿಯಲ್ಲಿ ಭಾರತ ಕಂಡ ದೊಡ್ಡ ಹೊರಳು ಮಾತ್ರ ಸರ್ಕಾರಿ ರೇಡಿಯೋದಲ್ಲೇ ಆದದ್ದು. 1952ರಲ್ಲಿ ಸಚಿವ ಬಿ.ವಿ. ಕೇಸ್ಕರ್ ಶಾಸ್ತ್ರೀಯ ಸಂಗೀತದ ಮೇಲಿನ ಒಲವಿನಿಂದ ಆಕಾಶವಾಣಿಯಲ್ಲಿ ಚಿತ್ರಗೀತೆಯನ್ನು ದೂರವಿಟ್ಟರು. ಕೇಳುಗರು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಐದು ವರ್ಷಕ್ಕೆ, 1957ರ ಅಕ್ಟೋಬರ್ 3ರಂದು, ಸರ್ಕಾರವೇ ವಿವಿಧ ಭಾರತಿ ಆರಂಭಿಸಬೇಕಾಯಿತು. ಒಳ್ಳೆಯದನ್ನು ಕೇಳಿಸುತ್ತೇವೆಂದು ಕೇಳುಗರಿಗೆ ಬೇಕಾದದ್ದನ್ನು ಕಿತ್ತುಕೊಂಡರೆ ಹೀಗೇ ಆಗುತ್ತದೆ. ಆಕಾಶವಾಣಿ ಆಮೇಲೆ ಜಾಣ ದಾರಿ ಹಿಡಿಯಿತು, ಒಂದನ್ನು ಕೆಡವಿ ಇನ್ನೊಂದನ್ನು ಕಟ್ಟದೆ ಪ್ರತ್ಯೇಕ ವಾಹಿನಿಗಳನ್ನೇ ಕೊಟ್ಟಿತು. ಬೆಂಗಳೂರಿನಲ್ಲಿ 102.9ರ ವಿವಿಧ ಭಾರತಿ ಚಿತ್ರಗೀತೆಗೆ, 101.3ರ ಕನ್ನಡ ಕಾಮನಬಿಲ್ಲು ಕಿರಿಯರಿಗೆ, 2004ರಲ್ಲಿ ಬಂದ 100.1ರ ಅಮೃತವರ್ಷಿಣಿ ಶಾಸ್ತ್ರೀಯ ಸಂಗೀತಕ್ಕೆ. 2016ರ ಜನವರಿ 26ರಂದು ಬೆಂಗಳೂರಿನಿಂದಲೇ ಇಡೀ ದೇಶಕ್ಕೆ ರಾಗಂ ವಾಹಿನಿಯೂ ಶುರುವಾಯಿತು. ಆಕಾಶವಾಣಿಯ ನಿರೂಪಣೆ ಕೆಲವೆಡೆ ಜಡ, ಸಮಯಪಾಲನೆಯೂ ಅಷ್ಟಕ್ಕಷ್ಟೆ. ಆದರೂ ಹಾಡನ್ನು ಪೂರ್ತಿ ಹಾಕುವ, ಕವಿ, ಸಂಗೀತ ಸಂಯೋಜಕ, ಗಾಯಕ ಮೂವರ ಹೆಸರನ್ನೂ ಹೇಳುವ ಶಿಸ್ತು ಅಲ್ಲಿ ಉಳಿದಿದೆ. ಖಾಸಗಿ ನಿಲಯಗಳು ಮೊದಲು ಕಲಿಯಬೇಕಾದದ್ದು ಅದನ್ನು.

ಇನ್ನು ಮುಂದಿನ ಮಾತು. ಖಾಸಗಿ ನಿಲಯವೊಂದು ಈಗ ದಾರಿ ಬದಲಿಸುವುದಾದರೆ ಎರಡು ಕಡೆಗೆ ಸಾಧ್ಯತೆ ಹೆಚ್ಚು. ಒಂದು ಹಿಂದಿ. ಮೂರನೇ ಹಂತದ ನೀತಿ ಒಂದೇ ನಗರದಲ್ಲಿ ಒಬ್ಬ ಒಡೆಯನಿಗೆ ಒಂದಕ್ಕಿಂತ ಹೆಚ್ಚು ವಾಹಿನಿ ಇಟ್ಟುಕೊಳ್ಳಲು ಬಿಟ್ಟಿತು. ಮಿರ್ಚಿ ತನ್ನ 98.3 ಅನ್ನು ಕನ್ನಡಕ್ಕೆ ಉಳಿಸಿಕೊಂಡು, ಎರಡನೆಯದಾದ 95 ಅನ್ನು ಹಿಂದಿ ಹಾಡುಗಳಿಗೆ ಕೊಟ್ಟದ್ದು ಹೀಗೆ. ಇನ್ನೊಂದು ಹಳೆಯ ಚಿತ್ರಗೀತೆ. ರಾಜ್‌ಕುಮಾರ್, ಪಿ.ಬಿ. ಶ್ರೀನಿವಾಸ್, ಎಸ್. ಜಾನಕಿ ಅವರ ಹಾಡುಗಳಿಗೆ ರಾತ್ರಿಯ ಹೊತ್ತು ಈಗಲೂ ನಿಷ್ಠಾವಂತ ಕೇಳುಗರಿದ್ದಾರೆ. ಇವೆರಡೂ ಭಾಷೆಯ, ಕಾಲದ ಬದಲಾವಣೆ. ಸಿನಿಮಾದ ಬೇಲಿ ದಾಟುವ ಬದಲಾವಣೆ ತಾನಾಗಿ ಬರುವ ಲಕ್ಷಣ ಕಾಣುತ್ತಿಲ್ಲ.

ಕೇಳುಗರು ಒತ್ತಾಯಿಸಿದರೆ? ನ್ಯೂಯಾರ್ಕಿನ ಡಬ್ಲ್ಯುಎನ್‌ಸಿಎನ್ ಎಂಬ ಶಾಸ್ತ್ರೀಯ ಸಂಗೀತದ ನಿಲಯ 1974ರಲ್ಲಿ ರಾಕ್ ಸಂಗೀತಕ್ಕೆ ಬದಲಾದಾಗ ಕೇಳುಗರು ಸಂಘ ಕಟ್ಟಿ ಹೋರಾಡಿದರು, ಮರುವರ್ಷ ಶಾಸ್ತ್ರೀಯ ಸಂಗೀತ ವಾಪಸು ಬಂತು. ಆದರೆ ನಿಲಯದ ಹಾಡಿನ ಬಗೆಯನ್ನು ಮಾರುಕಟ್ಟೆಗೆ ಬಿಡಬಹುದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1981ರಲ್ಲಿ ಹೇಳಿತು. 1993ರಲ್ಲಿ ಆ ನಿಲಯ ಮತ್ತೆ ರಾಕ್ ಆಯಿತು. ಕೇಳುಗರ ಒತ್ತಾಯಕ್ಕೆ ಬಲವಿದೆ, ಆದರೆ ಅದು ನಿರಂತರವಾಗಿರಬೇಕು ಎಂಬುದಷ್ಟೇ ಇದರಿಂದ ತಿಳಿಯುವುದು. ಬೆಂಗಳೂರಿನಲ್ಲಿ ಕನ್ನಡ ಬಂದದ್ದರ ಹಿಂದೆಯೂ ಮಾರುಕಟ್ಟೆಯ ಜೊತೆಗೆ ವರ್ಷಗಟ್ಟಲೆ ನಡೆದ ತಕರಾರು ಇತ್ತು.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ವಾಹಿನಿಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಸ್ಥಳೀಯ ಭಾಷೆಯ ಸ್ಥಳೀಯ ಕಾರ್ಯಕ್ರಮಕ್ಕೆ ಇದರಿಂದ ಉತ್ತೇಜನ ಸಿಗುತ್ತದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಸಣ್ಣ ಊರಿನ ನಿಲಯವೂ ಬೆಂಗಳೂರಿನ ಪಟ್ಟಿಯನ್ನೇ ತಿರುಗಿಸಿದರೆ ಆ ಕಾರಣ ಕಾಗದದಲ್ಲೇ ಉಳಿಯುತ್ತದೆ. ಇದ್ದ ನಿಲಯಗಳು ಹಾಡಿನ ನೀತಿಯನ್ನು ಪೂರ್ತಿ ಬದಲಿಸಬೇಕೆಂದು ಯಾರೂ ಕೇಳುತ್ತಿಲ್ಲ, ಕೇಸ್ಕರ್ ಮಾಡಿದ ತಪ್ಪನ್ನು ಮತ್ತೆ ಮಾಡಬೇಕಾಗಿಯೂ ಇಲ್ಲ. ದಿನಕ್ಕೊಂದು ಗಂಟೆ ಭಾವಗೀತೆಗೆ, ವಾರಕ್ಕೊಂದು ರಾತ್ರಿ ನೀಲಗಾರರಿಗೂ ಕಂಸಾಳೆಯವರಿಗೂ ಬಿಟ್ಟುಕೊಡಲು ಇರುವ ಪರವಾನಗಿಯೇ ಸಾಕು, ದೆಹಲಿಯ ಅಪ್ಪಣೆ ಬೇಡ. ಬೆಂಗಳೂರು ಮತ್ತು ಮೈಸೂರಿನ ಖಾಸಗಿ ನಿಲಯಗಳು ಆ ಒಂದು ಗಂಟೆಯಿಂದಲೇ ಶುರುಮಾಡಲಿ.